ಮುದ್ರಿಕೆ ಎಂದರೆ ಮುದ್ರೆ

ಹಳೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿದ ದಿನವೇ ನನಗೆ ಹೇಸಿಗೆ ಶುರುವಾಗಿತ್ತು. ಹೊಳಲ್ಕೆರೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಶೇಂಗಾ ಚೀಲದ ಪಕ್ಕ, ಅದು ಬಹಳ ಕಾಲದಿಂದ ಬಿದ್ದಿತ್ತು. ಒಳಗೆ ಜಿರಳೆಯ ಮೊಟ್ಟೆ, ಇಲಿ ತಿಂದು ಉಳಿಸಿದ ಸಿಪ್ಪೆ, ಫ್ಯಾನಿನ ರೆಕ್ಕೆಗೆ ಅಂಟಿ ಒಣಗಿದ ಹಲ್ಲಿಯ ಬಾಲ. ಮೂಗಿಗೆ ಸೆರಗು ಕಟ್ಟಿಕೊಂಡು, ಹಲ್ಲುಜ್ಜಿ ಸವೆದ ಬ್ರಶ್ಶಿನಿಂದ ಮೂಲೆ ಮೂಲೆ ಉಜ್ಜಿದೆ. ಇಲಿ ಉಚ್ಚೆಯ ವಾಸನೆ ಮಾತ್ರ ಹೋಗಲಿಲ್ಲ. ಊದುಬತ್ತಿ ಹಚ್ಚಿಟ್ಟರೆ ಎರಡೂ ಸೇರಿ ಇನ್ನೂ ಹೊಲಸಾಯಿತು.

ಇಷ್ಟನ್ನು ಸಹಿಸಿದ್ದು ಯಾಕೆಂದರೆ, ಆ ಡಬ್ಬಿಯೊಳಗೆ ನನ್ನ ಚಿಕ್ಕಮ್ಮನ ಬೈಗುಳಗಳಿದ್ದವು.

ಚಿಕ್ಕಮ್ಮ ಇರುವುದು ತಾಳ್ಯದಲ್ಲಿ. ಅವಳು ಬಾಯಿ ತೆರೆದರೆ ಬೈಸಿಕೊಳ್ಳುವವನೂ ಸೈಕಲ್ ನಿಲ್ಲಿಸಿ ಕೇಳಿಕೊಂಡು ಹೋಗುತ್ತಿದ್ದ. ನಲ್ಲಿಗೆ ನೀರು ಬಿಡುವ ನೀರಗಂಟಿ ತಡ ಮಾಡಿದರೆ, "ಲೇ, ಜರಡೀಲಿ ಮಜ್ಜಿಗೆ ಹೊತ್ತೋನೆ" ಎಂದು ಶುರುಮಾಡಿ, ಕೊಡ ತುಂಬುವ ತನಕ ನಿಲ್ಲಿಸುತ್ತಿರಲಿಲ್ಲ. ಒಮ್ಮೆ ಬೈದಿದ್ದನ್ನು ಮತ್ತೆ ಬೈಯುವವಳಲ್ಲ. ಹೋದಾಗಲೆಲ್ಲ ಕೇಳಿಸಿಕೊಂಡು ಬಂದು ಟೈಪು ಮಾಡಿ ಇಡುತ್ತಿದ್ದೆ: ಯಾರಿಗೆ ಬೈದದ್ದು, ಯಾವ ಸಿಟ್ಟಿಗೆ, ಅವತ್ತು ಒಲೆಯ ಮೇಲೆ ಏನಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಪರದೆ ಮೂಡುವಷ್ಟರಲ್ಲಿ ಅನ್ನ ಬೇಯುವಷ್ಟು ನಿಧಾನವಾಯಿತೆಂದು ಕಂಪ್ಯೂಟರು ಮೂಲೆ ಸೇರಿತ್ತು. ಅದನ್ನು ಎಬ್ಬಿಸಿದರೆ ಬೈಗುಳ ಮುಂದುವರಿಸಬಹುದು ಎಂದು ನನ್ನ ಆಸೆ.

ಚಿತ್ರದುರ್ಗದಿಂದ ಮೈದುನ ಬಂದ. ಜೇಬಿನಲ್ಲಿ ಒಂದು ಪೆನ್ ಡ್ರೈವು.

"ಹೊಸಾ ಸಿಸ್ಟಂ ಹಾಕ್ತೀನಿ ಅತ್ತಿಗೆ. ಹೋರಿ ಓಡ್ದಂಗ್ ಓಡ್ತೈತೆ ನೋಡ್ರಿ."

"ಬಿಟ್ಟೀದೇನೋ?"

"ಬಿಟ್ಟಿ ಅನ್ಬ್ಯಾಡ್ರಿ. ಮುಕ್ತ. ಯಾರ್ ಬೇಕಾದ್ರೂ ಬಿಚ್ಚಿ ನೋಡ್ಬೋದು, ತಿದ್ದಬೋದು, ಹಂಚ್ಬೋದು. ಸ್ವಾತಂತ್ರ್ಯ ಅದು."

ಸ್ವಾತಂತ್ರ್ಯದ ಮಾತಾಡುತ್ತಲೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದ. ನಾನು ಒರೆಸಿಟ್ಟ ಕೀಲಿಮಣೆಯ ಮೇಲೆ ಎಣ್ಣೆ ಕೈ ಇಟ್ಟ. ಆಮೇಲೆ ಗುಟ್ಕಾ ಹಾಕಿಕೊಂಡು, ಕಾಫಿ ಕುಡಿದ ಲೋಟಕ್ಕೇ ಉಗಿದ. ನಮ್ಮ ಮನೆಯ ಲೋಟಕ್ಕೆ! ಅದನ್ನು ಹಳೆಯ ಪೇಪರಿನಲ್ಲಿ ಹಿಡಿದು ಹಿತ್ತಲಿಗೆ ಒಯ್ದು ಬೂದಿ ಹಾಕಿ ನೆನೆಯಲು ಬಿಟ್ಟೆ. ಬಂದು ನೋಡಿದರೆ ಪರದೆಯ ತುಂಬ ಕನ್ನಡ.

"ನಮ್ ಭಾಷೆ ಇರುವಾಗ ಇಂಗ್ಲಿಷ್ ಯಾಕ್ ಬೇಕ್ರಿ?" ಎಂದ. ಒಂದು ಕಡೆ 'ಮುದ್ರಿಕೆಯನ್ನು ಸಂಪೂರ್ಣವಾಗಿ ಅಳಿಸಿ ಅನುಸ್ಥಾಪಿಸು' ಎಂದಿತ್ತು.

"ಮುದ್ರಿಕೆ ಅಂದ್ರೇನೋ?"

"ಮುದ್ರೆ ಅತ್ತಿಗೆ. ದನಕ್ಕೆ ಮುದ್ರೆ ಒತ್ತಿರ್ತಾರಲ್ಲ, ಹಂಗೆ ಹಳೇ ಕಂಪ್ನಿಯೋರು ಒತ್ತಿರೋದು. ಅದನ್ನ ಅಳಿಸ್ತೈತೆ."

"ನನ್ ಬೈಗುಳ ಹಂಗೇ ಇರ್ತಾವಲ್ಲ?"

"ಅವ್ಕೇನ್ ಆಗ್ತೈತ್ರಿ? ಮುದ್ರೆ ಅಳಿಸಿದ್ರೆ ದನ ಸಾಯ್ತೈತಾ?"

ಒತ್ತಿದ.

ಸುಳ್ಳು ಹೇಳಬಾರದು, ಹೊಸ ಸಿಸ್ಟಂ ಚುರುಕಾಗಿಯೇ ಎದ್ದಿತು. ಬೆಟ್ಟ, ಕೆರೆ, ಮೋಡ ಎಲ್ಲ ಮೂಡಿದವು. ನನ್ನ ಕಡತಗಳಿರಬೇಕಾದ ಜಾಗ ಮಾತ್ರ ತೊಳೆದಿಟ್ಟ ಮುದ್ದೆ ತಟ್ಟೆಯ ಹಾಗಿತ್ತು. ಮೈದುನ ಅಲ್ಲಿ ಒತ್ತಿದ, ಇಲ್ಲಿ ಒತ್ತಿದ, ಮೊಬೈಲಿನಲ್ಲಿ ಯಾರನ್ನೋ ಕೇಳಿದ. ಹಾರ್ಡ್ ಡಿಸ್ಕಿಗೇ ಯಾರೋ ಪುಣ್ಯಾತ್ಮರು ಕನ್ನಡದಲ್ಲಿ ಮುದ್ರಿಕೆ ಎಂದು ಹೆಸರಿಟ್ಟಿದ್ದರಂತೆ. ಹಳೆಯದರ ಮೇಲೆ ಹೊಸದು ಕೂತಾಗಿದೆ, ಇನ್ನು ಸಿಗುವುದಿಲ್ಲವಂತೆ.

"ಬೈಗುಳ ತಾನೇ ಅತ್ತಿಗೆ," ಎಂದ, ಉಗಿಯಲು ಇನ್ನೊಂದು ಲೋಟ ಹುಡುಕುತ್ತಾ. "ಚಿಕ್ಕಮ್ಮ ಇನ್ನೂ ಗಟ್ಟಿ ಅದಾರೆ. ಹೋಗಿ ಇನ್ನೊಂದ್ ಸಲ ಬೈಸ್ಕೊಂಡ್ ಬರ್ರಿ."

ಇದ್ದ ಲೋಟಗಳನ್ನೆಲ್ಲ ಎತ್ತಿ ಒಳಗಿಟ್ಟೆ. ಭಾನುವಾರ ಮಾತ್ರ ಅವನು ಹೇಳಿದ ಹಾಗೆಯೇ ತಾಳ್ಯದ ಬಸ್ಸು ಹತ್ತಿದೆ.

ಚಿಕ್ಕಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು ಪೆನ್ನು ತೆಗೆದೆ.

"ಚಿಕ್ಕಮ್ಮ, ಸ್ವಲ್ಪ ಬೈಯೇ."

"ಯಾರ್ಗೆ?"

"ಯಾರ್ಗಾದ್ರೂ."

"ಸಿಟ್ ಬರ್ದೆ ಹೆಂಗ್ ಬೈಯ್ಲೇ? ಉಣ್ಣದೆ ತೇಗು ಅಂದಂಗಾತು."

ಸಿಟ್ಟು ಬರಲಿ ಎಂದು ಎಲ್ಲವನ್ನೂ ಹೇಳಿದೆ. ಅವಳ ಅಷ್ಟು ವರ್ಷದ ಮಾತು ಅಳಿಸಿಹೋದದ್ದು, ದನ, ಮುದ್ರೆ, ಎಣ್ಣೆ ಕೈ, ಲೋಟ. ಲೋಟದ ವಿಷಯವನ್ನು ಬೇಕೆಂದೇ ಬಿಡಿಸಿ ಹೇಳಿ, ಪೆನ್ನು ಹಿಡಿದು ಕಾದೆ.

"ಹೋಗ್ಲಿ ಬಿಡವ್ವ," ಎಂದಳು. "ಗೊತ್ತಿಲ್ದಂಗ್ ಮಾಡ್ಯಾನೆ, ಪಾಪ. ಒಳ್ಳೇ ಹುಡ್ಗ."

"ಮತ್ತೆ ನೀರಗಂಟಿ?"

"ಅವ್ನೂ ಒಳ್ಳೇನೇ."

ಈಚೆಗೆ ಬೆಳಿಗ್ಗೆ ಸಂಜೆ ಟಿವಿಯಲ್ಲಿ ಪ್ರವಚನ ಕೇಳುತ್ತಾಳಂತೆ. ಕೋಪ ಬಿಡಬೇಕು, ಸಿಹಿಯಾಗಿ ಮಾತಾಡಬೇಕು ಅಂದರಂತೆ, ಬಿಟ್ಟಳಂತೆ. ಇಡೀ ಬೀದಿ ನಡುಗುತ್ತಿದ್ದ ಬಾಯಿ ಸಕ್ಕರೆ ಪಾಕದ ಹಾಗೆ ಅಂಟಂಟಾಗಿ ನಗುತ್ತಿತ್ತು. ಇಲಿ ಉಚ್ಚೆಗೂ, ಗುಟ್ಕಾ ಲೋಟಕ್ಕೂ ಬಾರದಷ್ಟು ಹೇಸಿಗೆ ನನಗೆ ಆ ನಗುವಿನಿಂದ ಬಂತು.

ಪೆನ್ನು ಕೆಳಗಿಟ್ಟು ನಾನೂ ಕಾಯಿ ಸುಲಿಯತೊಡಗಿದೆ. ಚಿಕ್ಕಮ್ಮ ಬಿಡಿಸಿದ ಒಂದು ಕಾಯಿಯಿಂದ ದಪ್ಪ ಹಸಿರು ಹುಳವೊಂದು ಅವಳ ಬೆರಳ ಮೇಲೆ ಹರಿಯಿತು. ನಾನು ತಟ್ಟನೆ ಪೆನ್ನು ಎತ್ತಿಕೊಂಡೆ. ಅವಳು ಅದನ್ನು ಮೆಲ್ಲಗೆ ಜಗಲಿಯ ಅಂಚಿಗೆ ಇಳಿಸಿ, "ಹೋಗಪ್ಪ, ಹೋಗು" ಎಂದಳು.