ಗೈಡ್ ಉಗ್ರಪ್ಪ ‘ಗೊತ್ತಿಲ್ಲ’ ಎಂದದ್ದು

ಹಳೇಬೀಡಿನ ಗೈಡ್ ಉಗ್ರಪ್ಪನಿಗೆ ಗೊತ್ತಿಲ್ಲದ ಸಂಗತಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಹೀಗೆಂದು ಊರಿನವರು ಯಾರೂ ಹೇಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಲೋಟ ಹಿಡಿದು ಉಗ್ರಪ್ಪನೇ ಹೇಳಿಕೊಳ್ಳುತ್ತಿದ್ದ. ಅವನಿಗೆ ಒಂಬತ್ತು ಭಾಷೆ ಬರುತ್ತಿದ್ದವು. ಒಂಬತ್ತರಲ್ಲೂ ಬರುತ್ತಿದ್ದದ್ದು ಒಂದೇ ಭಾಷಣ. ಅವನು ದೇವಸ್ಥಾನದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರೆ ಕಲ್ಲಿನ ಬಸವಣ್ಣ ಕಿವಿ ನಿಮಿರಿಸುತ್ತಿತ್ತು, ಬೇಲೂರಿಗೆ ಹೊರಟಿದ್ದ ಬಸ್ಸು ಡ್ರೈವರನ ಮಾತು ಮೀರಿ ಹಿಂದಕ್ಕೆ ಬರುತ್ತಿತ್ತು.

ಗೈಡ್ ಕೆಲಸ ಕಲಿಸಿದ ಸೋದರಮಾವ ಅವನಿಗೆ ಒಂದೇ ಒಂದು ಕಟ್ಟಪ್ಪಣೆ ಮಾಡಿದ್ದ: ಬಂದವರು ಏನು ಕೇಳಿದರೂ ‘ಗೊತ್ತಿಲ್ಲ’ ಅನ್ನಕೂಡದು. ಅಂದರೆ ಆ ಕ್ಷಣವೇ ಅವರು ಪಕ್ಕದ ಗೈಡನ ಹಿಂದೆ ಹೋಗುತ್ತಾರೆ. ಉಗ್ರಪ್ಪ ಆ ಮಾತನ್ನು ಉಡಿದಾರಕ್ಕಿಂತ ಭದ್ರವಾಗಿ ಕಟ್ಟಿಕೊಂಡಿದ್ದ. ಗುಡಿ ಕಟ್ಟುವಾಗ ಎಷ್ಟು ಉಳಿ ಮುರಿದವು ಎಂದು ಯಾರಾದರೂ ಕೇಳಿದರೆ ಲೆಕ್ಕ ಹೇಳಿ, ಅದರಲ್ಲಿ ಎರಡು ನಮ್ಮ ತಾತನ ಮನೆಯ ಅಟ್ಟದಲ್ಲಿದ್ದವು ಎಂದೂ ಸೇರಿಸುತ್ತಿದ್ದ.

ತೊಂಬತ್ತಾರನೇ ಇಸವಿಯಲ್ಲಿ ಅವನ ಮಗಳು ಲತಾಮಣಿ ಆರನೇ ಕ್ಲಾಸಿನಲ್ಲಿದ್ದಳು. ಮೊದಲ ಪರೀಕ್ಷೆಯ ಮಾರ್ಕ್ಸ್ ಕಾರ್ಡು ಮನೆಗೆ ಬಂತು. ಗಣಿತದಲ್ಲಿ ನೂರಕ್ಕೆ ಹನ್ನೊಂದು.

“ಹನ್ನೊಂದೂ ಸರಿ, ನೂರೂ ಸರಿ, ಮಧ್ಯದಲ್ಲಿ ಇರೋದೆಲ್ಲ ಎಲ್ಲಿಗೋಯ್ತೇ?” ಎಂದು ತಾಯಿ ರುದ್ರಮ್ಮ ಸೌಟು ಹಿಡಿದೇ ಕೇಳಿದಳು.

“ನೀನು ಸುಮ್ಕಿರು. ಕಲ್ಲಿಗೇ ಮಾತು ಕಲಿಸಿದೋನು ನಾನು, ಮಗಳಿಗೆ ಲೆಕ್ಕ ಕಲಿಸಲಾರ್ನಾ?” ಎಂದ ಉಗ್ರಪ್ಪ.

ಅವತ್ತು ಸಂಜೆಯೇ ಪಾಠ ಶುರುವಾಯಿತು. ಭಿನ್ನರಾಶಿಯನ್ನು ಭಾಗಿಸುವಾಗ ಎರಡನೆಯದನ್ನು ತಲೆಕೆಳಗು ಮಾಡುವುದು ಏಕೆ ಎಂದು ಲತಾಮಣಿ ಕೇಳಿದಳು. ಉಗ್ರಪ್ಪ ಓದಿದ್ದು ನಾಲ್ಕನೇ ಕ್ಲಾಸು. ಭಿನ್ನರಾಶಿಯನ್ನು ಅವನು ದೂರದಿಂದಲೂ ನೋಡಿದವನಲ್ಲ. ಆದರೆ ಮಾವನ ಅಪ್ಪಣೆ ಇತ್ತಲ್ಲ.

“ಅದಾ? ಅದು ಮರ್ಯಾದೆಗೆ ಕಣವ್ವ. ದೊಡ್ಡ ಸಂಖ್ಯೆ ಎದುರಿಗೆ ಬಂದ್ರೆ ಸಣ್ಣದು ಅಡ್ಡ ಬೀಳಬೇಕು. ರಾಜರ ಕಾಲದಿಂದ ಬಂದಿರೋ ಪದ್ಧತಿ.”

“ಅರ್ಥ ಆಯ್ತಪ್ಪ,” ಎಂದಳು ಲತಾಮಣಿ.

ಅರ್ಧ ವಾರ್ಷಿಕ ಪರೀಕ್ಷೆಯಲ್ಲಿ ಅವಳು ದೊಡ್ಡ ಸಂಖ್ಯೆ ಕಂಡ ಕಡೆಯಲ್ಲೆಲ್ಲ ಸಣ್ಣದನ್ನು ಅಡ್ಡ ಬೀಳಿಸಿ ಬಂದಳು. ಹನ್ನೊಂದು ಇದ್ದದ್ದು ಆರಕ್ಕೆ ಇಳಿಯಿತು. ಅಪ್ಪನನ್ನು ಕರೆದುಕೊಂಡು ಬಾ ಎಂದು ಗಣಿತದ ಟೀಚರ್ ಕಮಲಾಕ್ಷಮ್ಮ ಹೇಳಿ ಕಳಿಸಿದರು.

“ಇದೇನು ಉಗ್ರಪ್ಪನವರೇ? ಯಾಕಮ್ಮ ಹೀಗೆ ಮಾಡಿದ್ದೀಯ ಅಂದ್ರೆ ‘ಮರ್ಯಾದೆಗೆ ಮಿಸ್’ ಅಂತಾಳೆ.”

ಉಗ್ರಪ್ಪ ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದು ಇರುವಂತೆ ನೋಡತೊಡಗಿದ.

“ಹುಡುಗಿ ದಡ್ಡಿ ಅಲ್ಲ,” ಟೀಚರ್ ಸ್ವರ ತಗ್ಗಿಸಿದರು. “ಆದ್ರೆ ಅರ್ಥ ಆಯ್ತಾ ಅಂದ್ರೆ ಇಡೀ ಕ್ಲಾಸಿಗಿಂತ ಮುಂಚೆ ‘ಆಯ್ತು ಮಿಸ್’ ಅಂತಾಳೆ. ಗೊತ್ತಿಲ್ಲ ಅನ್ನೋ ಮಾತೇ ಇವಳ ಬಾಯಲ್ಲಿ ಬರಲ್ಲ. ಎಲ್ಲಿಂದ ಕಲಿತಳೋ! ಹೀಗೇ ಆದ್ರೆ ಬರೋ ವರ್ಷ ಇದೇ ಕ್ಲಾಸಲ್ಲಿ ಕೂರಬೇಕಾಗುತ್ತೆ.”

ಎಲ್ಲಿಂದ ಕಲಿತಳೆಂದು ಉಗ್ರಪ್ಪನಿಗೆ ಗೊತ್ತಿತ್ತು. ಮನೆಯ ದಾರಿಯಲ್ಲಿ ಲತಾಮಣಿ ಅವನ ಅಂಗಿಯ ತುದಿ ಹಿಡಿದುಕೊಂಡಳು. ಅವಳ ತಮ್ಮ ಆಗ ಐದನೇ ಕ್ಲಾಸಿನಲ್ಲಿದ್ದ.

“ಅಪ್ಪ, ಬರೋ ವರ್ಷ ನಾನು ತಮ್ಮನ ಪಕ್ಕ ಕೂರಬೇಕಾ?”

“ಹಂಗೇನೂ ಆಗಕ್ಕಿಲ್ಲ ಬಾರವ್ವ.” ಹೇಳಿದನೇ ಹೊರತು, ಈ ಸಲ ತನ್ನ ಮಾತಿನ ಮೇಲೆ ಅವನಿಗೇ ನಂಬಿಕೆ ಬರಲಿಲ್ಲ.

ಭಾನುವಾರ ಮಗಳನ್ನೂ ದೇವಸ್ಥಾನಕ್ಕೆ ಕರೆದುಕೊಂಡು ಹೋದ. ಯಾತ್ರೆಗೆಂದು ಮಾಲೇಕಲ್ಲಿನ ಬೆಟ್ಟ ಹತ್ತಿಳಿದು ಒಂದು ವ್ಯಾನಿನ ತುಂಬ ಜನ ಬಂದಿದ್ದರು. ಉಗ್ರಪ್ಪ ಗೋಡೆಯ ಬುಡದ ಆನೆ ಸಾಲಿನ ಹತ್ತಿರ ನಿಂತು ರಂಗಾಗಿ ಹೇಳುತ್ತಿರುವಾಗ ಗುಂಪಿನ ಅಜ್ಜಿಯೊಬ್ಬಳು ಕೈ ಎತ್ತಿದಳು.

“ಏನಪ್ಪಾ ಮಗ, ಇಷ್ಟೊಂದು ಆನೆ ಕೆತ್ತವ್ನಲ್ಲ ಆ ಶಿಲ್ಪಿ, ಅವನ ಹೆಂಡ್ರು ಮಧ್ಯಾಹ್ನದ ಊಟಕ್ಕೇನು ತರ್ತಿದ್ಲು?”

ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಬುತ್ತಿಯಲ್ಲಿ ಏನೇನಿತ್ತು, ಉಪ್ಪಿನಕಾಯಿ ಯಾವುದು, ಅದನ್ನು ಹಾಕಿದ್ದು ಯಾವ ಊರಿನ ಅತ್ತೆ ಎಂಬುದೆಲ್ಲ ಸಿದ್ಧವಾಗಿತ್ತು. ಅಷ್ಟರಲ್ಲಿ ಮಗಳ ಮುಖ ಕಂಡಿತು. ಅವಳು ಬಾಯಿ ತೆರೆದು ಅಪ್ಪನನ್ನೇ ನೋಡುತ್ತಿದ್ದಳು. ಅವನು ಏನು ಹೇಳಿದರೂ ನಂಬಲು ತಯಾರಾಗಿ ನಿಂತಿದ್ದಳು.

ಉಗ್ರಪ್ಪನಿಗೆ ಹೊಯ್ಸಳರ ಅಷ್ಟೂ ಆನೆಗಳನ್ನು ಒಬ್ಬನೇ ತಳ್ಳಿದಷ್ಟು ಬೆವರು ಬಂತು.

“ಅದು... ನಂಗೊತ್ತಿಲ್ಲ ಅಜ್ಜಿ.”

ಆಕಾಶ ಬೀಳಲಿಲ್ಲ. ಯಾರೂ ಪಕ್ಕದ ಗೈಡನ ಹಿಂದೆ ಓಡಲಿಲ್ಲ. ಅಜ್ಜಿಯ ಮುಖ ಮಾತ್ರ ಅರಳಿತು.

“ಹೌದಾ? ನಂಗೂ ಗೊತ್ತಿಲ್ಲ ಕಣಪ್ಪ!” ಎಂದು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. “ಮುದ್ದೆ ಇದ್ರೂ ಇರಬೌದು, ಅಲ್ವಾ?”

“ಆನೆ ಕೆತ್ತೋಕೆ ಬರೀ ಅನ್ನ ಸಾಲಲ್ಲ ಅಜ್ಜಿ,” ಎಂದಳು ಲತಾಮಣಿ.

“ಹೇಳು ಮತ್ತೆ! ಸಾರು ಯಾವ್ದು?”

“ಹುರುಳಿಕಾಳು. ಮೇಲಿನ ಕುದುರೆ ಸಾಲು ಕೆತ್ತೋವಾಗ ಕುದುರೆಗೂ ಸ್ವಲ್ಪ ಹಾಕಿರ್ತಾನೆ.”

ಅಜ್ಜಿ, ಲತಾಮಣಿ ಇಬ್ಬರೂ ನಕ್ಕ ನಗೆಗೆ ವ್ಯಾನಿನ ಡ್ರೈವರ್ ಏನಾಯಿತೋ ಎಂದು ಓಡಿ ಬಂದ. ಮಾರ್ಕ್ಸ್ ಕಾರ್ಡು ಬಂದ ಮೇಲೆ ಮಗಳು ನಕ್ಕಿದ್ದನ್ನು ಉಗ್ರಪ್ಪ ಅವತ್ತೇ ನೋಡಿದ್ದು.

ಸಂಜೆ ಲತಾಮಣಿ ಗಣಿತದ ಪುಸ್ತಕ ತಂದು ಅಪ್ಪನ ಪಕ್ಕ ಕೂತಳು. ತೆರೆಯಲಿಲ್ಲ.

“ಅಪ್ಪ, ಭಿನ್ನರಾಶಿ ಹಂಗಿರ್ಲಿ. ನಂಗೆ ಭಾಗಾಕಾರಾನೇ ಬರಲ್ಲ. ನಾಲ್ಕನೇ ಕ್ಲಾಸಿಂದ.”

“ಯಾರಿಗಾದ್ರೂ ಹೇಳಿದ್ಯಾ?”

“ಇಲ್ಲ. ನಮ್ಮನೇಲಿ ಯಾರೂ ‘ಬರಲ್ಲ’ ಅನ್ನಲ್ವಲ್ಲ.”

ಉಗ್ರಪ್ಪ ಮಗಳ ತಲೆಯ ಮೇಲೆ ಕೈ ಇಟ್ಟ.

“ನಂಗೂ ಬರಲ್ಲ ಕಣವ್ವ. ನಾಳೆ ಇಬ್ರೂ ಹೋಗಿ ಮೇಡಮ್ಮೋರಿಗೆ ಹೇಳಾನ.”

ಕಮಲಾಕ್ಷಮ್ಮ ಗದರಲಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂರಿ ಎಂದರು. ಹುಣಸೆ ಬೀಜಗಳನ್ನು ಮೇಜಿನ ಮೇಲೆ ಸುರಿದು, ಇಷ್ಟನ್ನು ಇಷ್ಟು ಜನಕ್ಕೆ ಸಮನಾಗಿ ಹಂಚು ಎಂದು ಮೊದಲಿನಿಂದ ಶುರುಮಾಡಿದರು. ಉಗ್ರಪ್ಪನೂ ಪಕ್ಕದ ಬೆಂಚಿನಲ್ಲಿ, ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತ. ಬೀಜ ಹಂಚುವುದು ಅವನಿಗೆ ಕಷ್ಟವಾಗಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಕಷ್ಟವಾಯಿತು. ಮಗಳು ಯೋಚಿಸುತ್ತಿರುವಾಗ ನಡುವೆ ಬಾಯಿ ಹಾಕಬಾರದೆಂದು ಹೆಗಲ ಟವೆಲ್ಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ. ಯುಗಾದಿಯ ಹೊತ್ತಿಗೆ ಆ ಟವೆಲ್ಲು ಕರ್ಚೀಫಾಗಿತ್ತು.

ಲತಾಮಣಿ ದಿನಕ್ಕೆ ಹತ್ತು ಸಲ ‘ಗೊತ್ತಾಗ್ಲಿಲ್ಲ ಮಿಸ್’ ಅನ್ನತೊಡಗಿದಳು. ಮೊದಮೊದಲು ನೆಲ ನೋಡಿಕೊಂಡು ಹೇಳುತ್ತಿದ್ದವಳು ಆಮೇಲೆ ಟೀಚರ ಮುಖ ನೋಡಿಯೇ ಹೇಳಿದಳು. ತಲೆಕೆಳಗಿನ ಭಿನ್ನರಾಶಿಯೂ ಒಂದು ಸಂಜೆ ಅರ್ಥವಾಯಿತು. ಅವಳು ಅಪ್ಪನಿಗೆ ಅರ್ಧ ರೊಟ್ಟಿ, ಕಾಲು ರೊಟ್ಟಿ ಹರಿದು ತೋರಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಹಾಗೆಂದು ಹೇಳಿಯೂ ಬಿಟ್ಟ. ಅವಳು ಇನ್ನೊಂದು ರೊಟ್ಟಿ ಹರಿದಳು.

ವಾರ್ಷಿಕ ಪರೀಕ್ಷೆಯ ಕಾರ್ಡು ಬಂದಾಗ ಗಣಿತದ ಮುಂದೆ ನಲವತ್ತೆರಡು ಎಂದಿತ್ತು. ಲತಾಮಣಿ ಏಳನೇ ಕ್ಲಾಸಿಗೆ ಹೋದಳು, ತಮ್ಮ ಆರನೇ ಕ್ಲಾಸಿನಲ್ಲಿ ಬೇರೆ ಯಾರದೋ ಪಕ್ಕ ಕೂತ.

ಕಾರ್ಡು ನೋಡಿದ ರುದ್ರಮ್ಮ ಕಣ್ಣೊರೆಸಿಕೊಂಡು, ಅದನ್ನು ಮರೆಸಲು ಗಂಡನ ಮೇಲೆ ತಿರುಗಿದಳು.

“ಊರಿಗೆಲ್ಲ ‘ಗೊತ್ತಿಲ್ಲ, ಗೊತ್ತಿಲ್ಲ’ ಅಂತ ಹೇಳ್ಕೊಂಡು ಬಂದ್ರಂತೆ. ಮದುವೆ ಆಗಿ ಇಷ್ಟು ವರ್ಷ ಆಯ್ತು, ನನ್ನತ್ರ ಒಂದ್ ದಿನನಾದ್ರೂ ಹಂಗಂದಿದ್ದೀರಾ?”

ಉಗ್ರಪ್ಪ ಕಾರ್ಡಿಗೆ ಸಹಿ ಹಾಕಿ, ಶಾಯಿ ಆರಲೆಂದು ಊದಿದ.

“ನೀನು ಯಾವತ್ತು ಏನು ಕೇಳಿದ್ದೆ ತಾಯಿ? ಬರೀ ಹೇಳ್ತಾನೇ ಇದ್ಯಲ್ಲ.”