ಬಾಗಿಲಿಗೆ ಬೆನ್ನು ಹಾಕಿ ಕೂರುವ ವಾಸಣ್ಣ

ವಾಸಣ್ಣ ಕಾಫಿ ತೋಟದ ಕೂಲಿಯಾಳುಗಳ ಲೈನಿನ ಯಾವ ಮನೆಗೆ ಹೋದರೂ ಬಾಗಿಲಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಒಳಗಿನಿಂದ ಹೆಂಗಸು ಗಂಡನ ಹೊಡೆತದ ಕತೆ ಹೇಳುತ್ತಿದ್ದರೆ ಇವರು ಮೆಟ್ಟಿಲ ಮೇಲೆ ಕೂತು, ಕಾಫಿ ಒಣಗುವ ಕಣದ ಕಡೆ ನೋಡುತ್ತ "ಹ್ಞೂಂ, ಆಮೇಲೆ?" ಎನ್ನುತ್ತಿದ್ದರು. ಆರಡಿ ಆಳು, ಮೇಲೆ ದಪ್ಪ ಮೀಸೆ.

"ಗಂಡಸಿನ ಮುಖ ನೋಡ್ಕಂಡು ಗಂಡಸಿನ ದೂರು ಹೇಳೋದು ಹೆಂಗೆ ಮಾರಾಯ್ತಿ? ಬೆನ್ನಿಗಾದ್ರೆ ಹೇಳ್ತಾರೆ" ಎಂದು ನನಗೆ ವಿವರಿಸಿದ್ದರು.

ತೋಟದ ಹೆಂಗಸರಿಗೆ ನೆರವಾಗುವ ನಮ್ಮ ಮೂಡಿಗೆರೆಯ ಸಂಸ್ಥೆಯಲ್ಲಿ ಊರೂರು ತಿರುಗುವವರ ಪೈಕಿ ಅವರೊಬ್ಬರೇ ಗಂಡಸು. ಪೇಟೆಯಲ್ಲಿ ಗೇಲಿಗೇನು ಬರವಿರಲಿಲ್ಲ. "ವಾಸಣ್ಣ, ಬಳೆ ತೊಡ್ಸೋಣ್ವಾ?" ಎಂದು ಯಾರೋ ಕೂಗಿದರೆ, "ತೊಡ್ಸು, ನನ್ ಕೈ ಸೈಜಿಂದು ಸಿಕ್ರೆ" ಎಂದು ನಗುತ್ತ ಹೋಗಿಬಿಡುತ್ತಿದ್ದರು.

ಇಬ್ಬರದೂ ಒಂದೇ ಕೆಲಸ. ಆದರೆ ಎಸ್ಟೇಟಿನ ಬಂಗಲೆಗೆ ನಾನು ಹೋದರೆ, "ಇಷ್ಟೊತ್ತು ಹೊರಗಿರೋಕೆ ಮನೇಲಿ ಬಿಡ್ತಾರಾ?" ಎಂಬ ಪ್ರಶ್ನೆ. ಅವರು ಹೋದರೆ ಕುರ್ಚಿ, ಕಾಫಿ. ಇಳಿದು ಬರುವಾಗ ಅವರೇ ಹೇಳುತ್ತಿದ್ದರು: "ಕುರ್ಚಿ ಹಾಕಿದ್ದು ನಂಗಲ್ಲ, ಮೀಸೆಗೆ."

ಸಂಸ್ಥೆಯ ಸಂಯೋಜಕರ ಹುದ್ದೆ ಖಾಲಿಯಾಯಿತು. ವಾಸಣ್ಣನಿಗಿಂತ ಮೊದಲು ಸೇರಿದವಳು ನಾನು. ಅದು ನನಗೆ ಬೇಕಿತ್ತು, ಬೇಕೆಂದು ಬಾಯಿಬಿಟ್ಟು ಕೇಳಿಯೂ ಇದ್ದೆ. ಕಮಿಟಿಯವರು "ಪೊಲೀಸ್ ಸ್ಟೇಷನ್ನು, ಧಣಿಗಳು ಅಂತ ಓಡಾಡೋಕೆ ಗಂಡಸೇ ಸರಿ" ಎಂದು ವಾಸಣ್ಣನಿಗೆ ಕೊಟ್ಟರು. ಹೆಂಗಸರಿಗಾಗಿಯೇ ಕಟ್ಟಿದ ಸಂಸ್ಥೆ ಬೇರೆ! ವಾಸಣ್ಣ ಒಪ್ಪಿಕೊಂಡದ್ದು ಕೇಳಿ, ಯಾಕೆಂದು ನೇರ ಅವರನ್ನೇ ಕೇಳಿದೆ.

"ನಾ ಒಲ್ಲೆ ಅಂದ್ರೆ ನಿಂಗೆ ಕೊಡಲ್ಲ. ಹೊರಗಿಂದ ಇನ್ನೊಬ್ಬ ಗಂಡಸನ್ನ ತರ್ತಾರೆ" ಎಂದರು. "ಒಂದ್ ವರ್ಷ ತಡ್ಕ." ಹುದ್ದೆ ಸಿಕ್ಕವರೆಲ್ಲ ಹೀಗೇ ಹೇಳುತ್ತಾರೆ ಎಂದುಕೊಂಡೆ.

ಆ ವರ್ಷ ಸ್ಟೇಷನ್ನಿರಲಿ, ಬಂಗಲೆಯಿರಲಿ, ಅವರು ಎಲ್ಲಿಗೆ ಹೋದರೂ ನನ್ನನ್ನು ಕರೆದುಕೊಂಡೇ ಹೋದರು. ಜಾವಳಿ ಕಡೆಯ ಒಂದು ತೋಟದಲ್ಲಿ ಹೊಡೆತ ತಾಳಲಾರದೆ ಗಂಡನನ್ನು ಬಿಟ್ಟ ಹೆಂಗಸಿಗೆ ತಲೆ ಮೇಲೆ ಸೂರಿಲ್ಲದಂತಾಗಿತ್ತು. ಲೈನ್ ಮನೆ ಗಂಡಾಳಿನ ಹೆಸರಿಗೆ ಕೊಡುವುದು ಅಲ್ಲಿಯ ಪದ್ಧತಿ. ಅವಳೂ ಅದೇ ತೋಟದಲ್ಲಿ ಅಷ್ಟೇ ವರ್ಷ ದುಡಿದವಳು ಎನ್ನುವುದು ಲೆಕ್ಕಕ್ಕಿಲ್ಲ. ಧಣಿ ವಾಸಣ್ಣನನ್ನು ನೋಡಿ, "ಏನ್ ಮಾಡೋಣ ಹೇಳಿ" ಎಂದರು. "ಮೇಡಂ ಹೇಳ್ತಾರೆ" ಎಂದು ವಾಸಣ್ಣ ಮೆಣಸಿನ ಬಳ್ಳಿ ನೋಡುತ್ತ ಕೂತರು. ಧಣಿ ಮತ್ತೆ ಮತ್ತೆ ಅವರ ಕಡೆಗೇ ತಿರುಗಿದರು. ಪ್ರತಿ ಸಲವೂ ಅದೇ ಉತ್ತರ. ಕೊನೆಗೆ ಬೇರೆ ದಾರಿ ಕಾಣದೆ ನನ್ನೊಡನೆ ಮಾತಾಡಿದರು. ಅವಳಿಗೆ ಅವಳದೇ ಹೆಸರಿನಲ್ಲಿ ಒಂದು ಮನೆ ಕೊಡುವುದೆಂದು ತೀರ್ಮಾನವಾದ ಮೇಲೆಯೇ ನಾವು ಎದ್ದದ್ದು.

ವರ್ಷ ತುಂಬಿದಾಗ ವಾಸಣ್ಣ ಕಮಿಟಿಯ ಮುಂದೆ ರಾಜೀನಾಮೆ ಇಟ್ಟರು. "ಹಂಗಾದ್ರೆ ಸ್ಟೇಷನ್ನಿಗೆ ಹೋಗೋರು ಯಾರ್ರೀ?" ಎಂದರು ಅಧ್ಯಕ್ಷರು. "ಇಷ್ಟು ದಿನ ಅಲ್ಲಿ ಮಾತಾಡ್ತಿದ್ದಿದ್ದು ಯಾರು ಅಂತ ಇನ್‌ಸ್ಪೆಕ್ಟರನ್ನೇ ಕೇಳಿ" ಎಂದು ವಾಸಣ್ಣ ನನ್ನ ಕಡೆ ಕೈ ತೋರಿಸಿದರು. ಹುದ್ದೆ ನನ್ನದಾಯಿತು. ವಾಸಣ್ಣ ಮರುದಿನವೇ ಚೀಲ ಹಾಕಿಕೊಂಡು ಲೈನ್ ಮನೆಗಳಿಗೆ ಹೊರಟರು. ಅವರಿಗೆ ಆಫೀಸು ಸೇರುತ್ತಿರಲಿಲ್ಲ, ಬಿಟ್ಟು ಹಗುರಾದರು ಎಂದೇ ನಾನು ತಿಳಿದಿದ್ದೆ, ಬಂದವರಿಗೆಲ್ಲ ಹಾಗೆಯೇ ಹೇಳುತ್ತಲೂ ಇದ್ದೆ.

ಕಳೆದ ವರ್ಷ ಎದೆನೋವು ಬಂದು ಹೋಗಿಬಿಟ್ಟರು. ಕಳಸದ ಅವರ ಮನೆಗೆ ಹೋದಾಗ ಅವರ ಹೆಂಡತಿ ಸರೋಜಕ್ಕನೆದುರು ಅದನ್ನೇ ಹೇಳಿದೆ.

"ಸೇರ್ತಿರ್ಲಿಲ್ಲ ಅಂತ ಯಾರಂದ್ರು? ಆ ಕೆಲ್ಸ ಅವ್ರಿಗೆ ಜೀವ ಆಗಿತ್ತು. ಬಿಟ್ಟು ಬಂದ ದಿನ ಊಟನೂ ಮಾಡ್ಲಿಲ್ಲ, ಮಗು ಅತ್ತಂಗೆ ಅತ್ರು. ನಿಮ್ಗೆ ಮಾತ್ರ ಗೊತ್ತಾಗ್ಬಾರ್ದು ಅಂತ ನನ್ ಹತ್ರ ಆಣೆ ಹಾಕ್ಸಿದ್ರು."