ತಮ್ಮನನ್ನು ಸೆರೆಯಿಟ್ಟ ಸಾಮಂತ

ದೂರಶಿಕ್ಷಣದಲ್ಲಿ ಇತಿಹಾಸ ಎಂ.ಎ. ಕಟ್ಟಿದ್ದ ವರ್ಷ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಧುಗಿರಿಯ ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು ಪುಸ್ತಕ ಹಿಡಿದು ನಡುಮನೆಯಲ್ಲೇ ಓಡಾಡುತ್ತಾ ಗಟ್ಟಿಯಾಗಿ ಓದುತ್ತಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿದ್ದುದನ್ನು ಅವರಿಗೆ ಕನ್ನಡದಲ್ಲಿ ಹೇಳಿದರೆ ನನಗೂ ನೆನಪಿನಲ್ಲಿ ಉಳಿಯುತ್ತಿತ್ತು.

ಆ ದಿನದ್ದು ಮಧ್ಯಯುಗದ ಜರ್ಮನಿಯ ಒಬ್ಬ ಸಾಮಂತನ ಕಥೆ. ಅಪ್ಪ ಸತ್ತಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಸೀಮೆಯಲ್ಲಿ ಅರ್ಧ ತಮ್ಮನಿಗೆ ಸೇರಬೇಕಿತ್ತು. ಇವನು ತಮ್ಮನ ಕೋಟೆಯನ್ನು ಮುತ್ತಿ, ಅವನನ್ನು ಹಿಡಿದು ಗೋಪುರದಲ್ಲಿ ಸೆರೆಯಿಟ್ಟ. ಆಮೇಲೆ ಚೆನ್ನಾಗಿಯೇ ಆಳಿದ. ಹೊಳೆಗೆ ಸೇತುವೆ ಕಟ್ಟಿಸಿದ, ಊರಿಗೆ ಸಂತೆ ತಂದ, ಸನ್ಯಾಸಿಗಳಿಗೆ ಮಠ ಮಾಡಿಸಿಕೊಟ್ಟ. ಕೊನೆಗೆ ಚಕ್ರವರ್ತಿಯ ಜೊತೆ ದಂಡೆತ್ತಿ ಹೋದವನು ಜ್ವರ ಬಂದು ದಾರಿಯಲ್ಲೇ ಸತ್ತ. ಮಕ್ಕಳಿರಲಿಲ್ಲ.

"ನಮ್ ಕಡೆ ಪಾಳೇಗಾರ್ರಂಗೇ ಅವ್ನೆ," ಎಂದರು ಅತ್ತೆ. ಸುಲಿಯುವ ಕೈ ನಿಂತಿತ್ತು. "ಅಲ್ಲಾ ಕಣಮ್ಮ, ಆ ಗೋಪುರದಾಗೆ ತಮ್ಮುನ್ಗೆ ಊಟ ಯಾರ್ ಕೊಡ್ತಿದ್ರು?"

"ಪುಸ್ತಕದಲ್ಲಿ ಬರೆದಿಲ್ಲ ಅತ್ತೆ."

ಅವರು ಎದ್ದು ಬಾಗಿಲ ತನಕ ಹೋಗಿ ಬಂದರು. ಮತ್ತೆ ಹೋದರು. ಯಾಕೆಂದು ನನಗೆ ಗೊತ್ತಿತ್ತು. ಹುಲಿಕುಂಟೆ ಕಡೆಯ ತವರಿನಲ್ಲಿ ಅವರ ಅಣ್ಣ, ತನಗೂ ತಮ್ಮನಿಗೂ ಸೇರಿದ ಬೋರ್‌ವೆಲ್ಲಿನ ಮೋಟರ್ ಮನೆಗೆ ಬೀಗ ಜಡಿದು, ತಮ್ಮನ ತೋಟಕ್ಕೆ ನೀರು ನಿಲ್ಲಿಸಿದ್ದರು.

ಭಾನುವಾರ ನನ್ನನ್ನೂ ಹೊರಡಿಸಿಕೊಂಡು ಶಿರಾ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಅಣ್ಣನ ಮನೆಯ ಜಗಲಿಯಲ್ಲಿ ಕೂತವರು ಕೊಟ್ಟ ಕಾಫಿಯನ್ನೂ ಮುಟ್ಟದೆ ಆ ಸಾಮಂತನ ಕಥೆ ಶುರುಮಾಡಿದರು. ಸೇತುವೆ, ಸಂತೆ ಒಂದನ್ನೂ ಬಿಡಲಿಲ್ಲ.

"ಯಾವ್ದೋ ದೇಶದ್ ಕತೆ ತಂದು ನನ್ ತಲೆ ಮ್ಯಾಲೆ ಹಾಕ್ತೀಯೇನಮ್ಮ?" ಎಂದು ಅಣ್ಣ ರೇಗಿದರು. ಅತ್ತೆ ಆರಿದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅಣ್ಣನೇ ನನ್ನ ಕಡೆ ತಿರುಗಿ, "ಆ ತಮ್ಮ ಏನಾದ?" ಎಂದರು.

"ಅಣ್ಣ ಸತ್ತ ಮೇಲೆ ಹೊರಗೆ ಬಿಟ್ಟರು. ಮುಂದೆ ಅವನೇ ಆಳಿದ. ಆದರೆ ಅಣ್ಣನ ಸಮಾಧಿಯ ಹತ್ತಿರ ಒಮ್ಮೆಯೂ ಹೋಗಲಿಲ್ಲವಂತೆ."

ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟುಹೋದರು. ಊಟಕ್ಕೂ ಬರಲಿಲ್ಲ. ನಾವು ಹಾಗೇ ವಾಪಸಾದೆವು.

ವಾರದೊಳಗೆ ತಮ್ಮನ ಹೆಂಡತಿಯ ಫೋನು ಬಂತು. ಅತ್ತೆ ಅದನ್ನು ಕಿವಿಗಿಟ್ಟುಕೊಂಡೇ ಅಂಗಳಕ್ಕೂ ಅಡುಗೆಮನೆಗೂ ಅಲೆದರು.

"ಅಣ್ಣ ತಮ್ಮ ಮಾತಾಡಿದರಂತಾ?" ಎಂದೆ.

"ಎಲ್ಲಿ ಮಾತು! ಬೀಗ ತೆಗ್ದು ನೀರ್ ಬುಟ್ಟವ್ನಂತೆ. ಎದುರಿಗೆ ಸಿಕ್ಕಿದ್ರೆ ಮಾತ್ರ ಮೊಖ ತಿರುಗ್ಸ್ಕಂಡು ಓಯ್ತಾನಂತೆ."

ಹಾಗೆನ್ನುತ್ತಲೇ ಫೋನನ್ನು ನನ್ನ ಕೈಗೆ ತುರುಕಿದರು. "ಅಣ್ಣನ ನಂಬರ್ ಒತ್ತು, ಬೇಗ. ನೀರ್ ಬುಟ್ರೆ ಸಾಲ್ದು, ಮಾತೂ ಆಡ್ಲಿ."